ಕರ್ನಾಟಕದಲ್ಲಿ ಅಂತರ್ಜಾಲ ಸುರಕ್ಷತೆ: ಮೂವತ್ತು ವರ್ಷಗಳ ಚರಿತ್ರೆ

ಭಾರತದ ಸಾರ್ವಜನಿಕರಿಗೆ ಅಂತರ್ಜಾಲ ದೊರೆತದ್ದು 1995ರ ಆಗಸ್ಟ್ 15ರಂದು. ಸರ್ಕಾರಿ ಸ್ವಾಮ್ಯದ ವಿದೇಶ ಸಂಚಾರ ನಿಗಮ ಅಂದು ಮುಂಬೈ, ದೆಹಲಿ, ಕೋಲ್ಕತ್ತ ಮತ್ತು ಚೆನ್ನೈಗಳಲ್ಲಿ ಸೇವೆ ಆರಂಭಿಸಿತು. ಬೆಂಗಳೂರಿಗೂ ಅದು ಹೆಚ್ಚು ತಡವಿಲ್ಲದೆ ಬಂತು. ಅದಕ್ಕೂ ಮುಂಚೆ ಭಾರತೀಯ ವಿಜ್ಞಾನ ಸಂಸ್ಥೆಯಂಥ ಕೆಲವೇ ವಿದ್ಯಾಸಂಸ್ಥೆಗಳು ಎರ್ನೆಟ್ ಎಂಬ ಜಾಲದ ಮೂಲಕ ಇ-ಮೇಲ್ ಬಳಸುತ್ತಿದ್ದವು. ಮನೆಗೆ ಸಂಪರ್ಕ ಪಡೆದವರು ಟೆಲಿಫೋನ್ ತಂತಿಗೆ ಮೋಡೆಮ್ ಜೋಡಿಸಿ, ಸೆಕೆಂಡಿಗೆ 9.6 ಕಿಲೋಬಿಟ್ ವೇಗದಲ್ಲಿ, ಫೋನ್ ಬಿಲ್ಲಿನ ಲೆಕ್ಕ ಹಾಕುತ್ತ ಜಾಲ ನೋಡಬೇಕಿತ್ತು. ಆಗ ಕಂಪ್ಯೂಟರ್ ಸುರಕ್ಷತೆ ಎಂದರೆ ವೈರಸ್ಸಿನ ಭಯ ಮಾತ್ರ. 1986ರಲ್ಲಿ ಲಾಹೋರಿನಿಂದ ಹೊರಟ ‘ಬ್ರೈನ್’ ವೈರಸ್ ಫ್ಲಾಪಿಯಿಂದ ಫ್ಲಾಪಿಗೆ ದಾಟುತ್ತ ದೇಶದೇಶಗಳ ಕಂಪ್ಯೂಟರುಗಳನ್ನು ಹೊಕ್ಕಿತ್ತು. ಹಾನಿ ಆಗುತ್ತಿದ್ದದ್ದು ಯಂತ್ರಕ್ಕೆ. ಮನುಷ್ಯನನ್ನೇ ಗುರಿಯಾಗಿಸಿಕೊಂಡ ವಂಚನೆ, ಬೆದರಿಕೆ, ಮಾನಹಾನಿಗಳು ಬಂದದ್ದು ಆಮೇಲೆ. ಮುಂದಿನ ಮೂವತ್ತು ವರ್ಷಗಳಲ್ಲಿ ಅಂತರ್ಜಾಲ ಬೀದಿಯ ಅಂಗಡಿಯಿಂದ ಮನೆಗೆ, ಮನೆಯಿಂದ ಒಬ್ಬೊಬ್ಬರ ಅಂಗೈಗೆ ಬಂತು. ಕಾಯುವ ಹೊಣೆಯೂ ನಾಲ್ಕು ಜನರ ಕಣ್ಣಿನಿಂದ ಜಾರಿ ಒಬ್ಬಂಟಿ ಬಳಕೆದಾರನ ಹೆಗಲಿಗೆ ಬಿತ್ತು. ಕರ್ನಾಟಕದಲ್ಲಿ ಅಂತರ್ಜಾಲ ಸುರಕ್ಷತೆಯ ಚರಿತ್ರೆಯೆಂದರೆ ಮುಖ್ಯವಾಗಿ ಈ ಪಲ್ಲಟದ ಚರಿತ್ರೆ.

ಕನ್ನಡಿಗರಲ್ಲಿ ಬಹುಮಂದಿ ಅಂತರ್ಜಾಲವನ್ನು ಮೊದಲು ಕಂಡದ್ದು ಸೈಬರ್ ಕೆಫೆಯಲ್ಲಿ. 1996ರ ಜುಲೈ 11ರಂದು ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ತೆರೆದ ಮೊದಲ ಕೆಫೆ ಕಾಫಿ ಡೇ, ಕಾಫಿಯ ಜತೆಗೆ ಅಂತರ್ಜಾಲವನ್ನೂ ಮಾರುವ ಅಂಗಡಿಯಾಗಿತ್ತು. ಅದನ್ನು ಕಟ್ಟಿದವರು ಚಿಕ್ಕಮಗಳೂರಿನ ಕಾಫಿ ಬೆಳೆಗಾರ ಕುಟುಂಬದ ವಿ.ಜಿ. ಸಿದ್ಧಾರ್ಥ. ಅದೇ ತಿಂಗಳು ಅಮೆರಿಕದಲ್ಲಿ ಆರಂಭವಾದ ಹಾಟ್‌ಮೇಲ್‌ನ ಸ್ಥಾಪಕರಲ್ಲೊಬ್ಬರಾದ ಸಬೀರ್ ಭಾಟಿಯಾ ಬೆಂಗಳೂರಿನಲ್ಲಿ ಬೆಳೆದವರು. ಅದೇ ವರ್ಷದ ಕೊನೆಗೆ ಯು.ಬಿ. ಪವನಜ ಅವರ ‘ವಿಶ್ವಕನ್ನಡ’ ಅಂತರ್ಜಾಲದಲ್ಲಿ ಕನ್ನಡದ ಮೊದಲ ಪತ್ರಿಕೆಯಾಗಿ ಕಾಣಿಸಿಕೊಂಡಿತು. 1998ರ ನವೆಂಬರಿನಲ್ಲಿ ಖಾಸಗಿ ಕಂಪನಿಗಳಿಗೂ ಅಂತರ್ಜಾಲ ಸೇವೆ ನೀಡುವ ಅವಕಾಶ ಸಿಕ್ಕಿದ ಮೇಲೆ ಮೈಸೂರು, ಹುಬ್ಬಳ್ಳಿ, ಮಂಗಳೂರು, ದಾವಣಗೆರೆಗಳ ಕಾಲೇಜು ರಸ್ತೆಗಳಲ್ಲಿ ಎಸ್‌ಟಿಡಿ ಬೂತುಗಳ ಪಕ್ಕದಲ್ಲೇ ಸೈಬರ್ ಸೆಂಟರ್‌ಗಳು ಎದ್ದವು. ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶದ ದಿನ ಅವುಗಳ ಮುಂದೆ ನೂಕುನುಗ್ಗಲು. ಅಮೆರಿಕಕ್ಕೆ ಹೋದ ಮಗನಿಗೆ ನಾಲ್ಕು ಸಾಲು ಬರೆಯಬೇಕಾದ ತಂದೆ ಹೇಳುತ್ತ ಹೋಗುವುದು, ಅಂಗಡಿಯ ಹುಡುಗ ಟೈಪ್ ಮಾಡುತ್ತ ಹೋಗುವುದು ಅಲ್ಲಿಯ ನಿತ್ಯದ ನೋಟ.

ಒಂದೇ ಯಂತ್ರ ದಿನಕ್ಕೆ ಹತ್ತಾರು ಕೈಗಳಿಗೆ ಸಿಗುತ್ತಿದ್ದುದರಿಂದ ಅಪಾಯವೂ ಅಲ್ಲೇ ಹುಟ್ಟಿತು. ಲಾಗ್ ಔಟ್ ಆಗದೆ ಎದ್ದು ಹೋದವರ ಮೇಲ್ ಪೆಟ್ಟಿಗೆ ಮುಂದೆ ಬಂದು ಕೂತವರಿಗೆ ತೆರೆದೇ ಇರುತ್ತಿತ್ತು. ಒತ್ತಿದ ಕೀಲಿಗಳನ್ನೆಲ್ಲ ಗುಟ್ಟಾಗಿ ದಾಖಲಿಸಿಕೊಳ್ಳುವ ತಂತ್ರಾಂಶಗಳು ಪಾಸ್‌ವರ್ಡ್ ಕದಿಯುತ್ತಿದ್ದವು. ಯಾಹೂ ಚಾಟ್ ಕೋಣೆಗಳಲ್ಲಿ ವಯಸ್ಸು, ಲಿಂಗ, ಊರು ಕೇಳುವುದೇ ಮೊದಲ ಮಾತಾಗಿದ್ದು, ಮೂರಕ್ಕೂ ಸುಳ್ಳು ಉತ್ತರ ಬರುವುದು ಸಾಮಾನ್ಯವಾಗಿತ್ತು. ಪ್ಲೈವುಡ್ಡಿನ ಗೂಡುಗಳಲ್ಲಿ, ಪರದೆಗಳ ಹಿಂದೆ ಹುಡುಗರು ಏನು ನೋಡುತ್ತಾರೆ ಎಂಬುದು ಪಾಲಕರ ಚಿಂತೆ. ಯಾರೋ ಕಳಿಸಿದ ಬೆದರಿಕೆ ಮೇಲ್‌ನ ಜಾಡು ಸೈಬರ್ ಸೆಂಟರಿನ ಬಾಗಿಲಿಗೆ ಬಂದು ನಿಂತುಬಿಡುತ್ತಿತ್ತು ಎಂಬುದು ಪೊಲೀಸರ ಚಿಂತೆ. ಕರ್ನಾಟಕ ಸರ್ಕಾರ 2004ರಲ್ಲೇ ಸೈಬರ್ ಕೆಫೆಗಳಿಗೆ ನಿಯಮ ರೂಪಿಸಿ, ಬಂದವರ ಗುರುತು ಬರೆದಿಡಬೇಕೆಂದು ಹೇಳಿತು. 2011ರಲ್ಲಿ ಕೇಂದ್ರ ಸರ್ಕಾರ ಇಡೀ ದೇಶಕ್ಕೆ ನಿಯಮ ಮಾಡಿತು. ಗೂಡುಗಳ ಗೋಡೆ ನಾಲ್ಕೂವರೆ ಅಡಿಗಿಂತ ಎತ್ತರ ಇರಕೂಡದು. ಗೂಡುಗಳಿಲ್ಲದ ಕಡೆ ಕಂಪ್ಯೂಟರಿನ ತೆರೆ ಹೊರಮುಖವಾಗಿರಬೇಕು. ಗುರುತಿನ ಚೀಟಿಯಿಲ್ಲದ ಮಕ್ಕಳು ದೊಡ್ಡವರ ಜತೆಯಲ್ಲೇ ಬರಬೇಕು. ಯಾರು ಯಾವ ಯಂತ್ರದಲ್ಲಿ ಎಷ್ಟು ಹೊತ್ತು ಕೂತರು ಎಂಬ ಲೆಕ್ಕವನ್ನು ಕನಿಷ್ಠ ಒಂದು ವರ್ಷ ಕಾಪಿಡಬೇಕು. ಅಂಗಡಿಯವನನ್ನೇ ಅರೆ ಪೊಲೀಸನನ್ನಾಗಿ ಮಾಡುವ ಈ ನಿಯಮಗಳು ಗ್ರಾಹಕರ ಖಾಸಗಿತನಕ್ಕೆ ಬೆಲೆ ಕೊಡಲಿಲ್ಲ. ಆದರೂ ಅವುಗಳ ಹಿಂದೆ ಒಂದು ನಿಜವಾದ ತಿಳಿವಳಿಕೆಯಿತ್ತು: ಇನ್ನೊಬ್ಬರ ಕಣ್ಣಿಗೆ ಬೀಳುವಂತಿದ್ದರೆ ಕೆಡುಕು ಮಾಡುವುದೂ ಕೆಡುಕಿಗೆ ಸಿಕ್ಕಿಬೀಳುವುದೂ ಕಷ್ಟ.

ನಿಯಮ ಬರುವ ಹೊತ್ತಿಗೆ ಕೆಫೆಗಳ ಕಾಲ ಮುಗಿಯುತ್ತ ಬಂದಿತ್ತು. ಅಂಗಡಿ ಹೋದರೂ ಅದು ಕಲಿಸಿದ ಒಂದು ಅಭ್ಯಾಸ ಮಾತ್ರ ಹೋಗಲಿಲ್ಲ. ಇಂಗ್ಲಿಷ್ ಫಾರಂ ತುಂಬಲು ಬಾರದವರು ಅಂಗಡಿಯ ಹುಡುಗನಿಗೆ ಪಾಸ್‌ವರ್ಡ್ ಹೇಳಿ ಕೆಲಸ ಮಾಡಿಸಿಕೊಳ್ಳುವುದು ಅಂದಿನ ರೂಢಿ. 2023ರಲ್ಲಿ ಗೃಹಲಕ್ಷ್ಮಿ ಯೋಜನೆಯ ನೋಂದಣಿಗೆ ಗ್ರಾಮ ಒನ್ ಕೇಂದ್ರಗಳ ಮುಂದೆ ನಿಂತ ಮಹಿಳೆಯರು ಫೋನಿಗೆ ಬಂದ ಓಟಿಪಿ ಸಂಖ್ಯೆಯನ್ನು ಕೌಂಟರಿನಲ್ಲಿ ಕೂತವರಿಗೆ ಓದಿ ಹೇಳಿದ್ದೂ ಅದೇ ರೂಢಿಯ ಮುಂದುವರಿಕೆ. ಅಲ್ಲಿ ಹೇಳಲೇಬೇಕಾದದ್ದನ್ನು ಫೋನಿನಲ್ಲಿ ಹೇಳಬಾರದು ಎಂಬ ಭೇದವನ್ನು ಅವರಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಓಟಿಪಿ ಹೇಳಿ ಮೋಸಹೋದವರನ್ನು ದಡ್ಡರೆಂದು ಬಗೆಯುವವರು ಈ ಹಿನ್ನೆಲೆಯನ್ನು ಮರೆಯುತ್ತಾರೆ.

ಕಾನೂನು ಹುಟ್ಟಿದ್ದು 2000ನೇ ಇಸವಿಯಲ್ಲಿ. ಆ ವರ್ಷದ ಮೇ 4ರಂದು ಫಿಲಿಪ್ಪೀನ್ಸಿನಿಂದ ಹೊರಟ ‘ಐ ಲವ್ ಯೂ’ ವೈರಸ್ ಪ್ರೇಮಪತ್ರದ ವೇಷದಲ್ಲಿ ಜಗತ್ತಿನ ಲಕ್ಷಾಂತರ ಕಂಪ್ಯೂಟರುಗಳನ್ನು ಕೆಡಿಸಿತು. ಅದನ್ನು ಬರೆದವನನ್ನು ಶಿಕ್ಷಿಸಲು ಆ ದೇಶದಲ್ಲಿ ತಕ್ಕ ಕಾನೂನೇ ಇರಲಿಲ್ಲ. ಭಾರತದ ಸಂಸತ್ತು ಮಾಹಿತಿ ತಂತ್ರಜ್ಞಾನ ಕಾಯ್ದೆಗೆ ಒಪ್ಪಿಗೆ ಕೊಟ್ಟದ್ದು ಅದೇ ತಿಂಗಳು. ಜಾರಿಗೆ ಬಂದದ್ದು ಅಕ್ಟೋಬರ್ 17ರಂದು. ವಿಶ್ವಸಂಸ್ಥೆಯ ಮಾದರಿ ಕಾನೂನಿನ ಮೇಲೆ ನಿಂತ ಈ ಕಾಯ್ದೆಯ ಮುಖ್ಯ ಉದ್ದೇಶ ವಿದ್ಯುನ್ಮಾನ ವ್ಯಾಪಾರಕ್ಕೆ, ಡಿಜಿಟಲ್ ಸಹಿಗೆ ಮಾನ್ಯತೆ ಕೊಡುವುದು. ಮನೆಮಂದಿಯ ರಕ್ಷಣೆ ಅದರಲ್ಲಿ ಬದಿಗೆ ಸರಿದ ವಿಷಯ. ಹ್ಯಾಕಿಂಗಿಗೆ ಮತ್ತು ಅಶ್ಲೀಲ ಪ್ರಕಟಣೆಗೆ ಶಿಕ್ಷೆಯಿತ್ತು; ಬೇರೊಬ್ಬರ ಹೆಸರಿನಲ್ಲಿ ವಂಚಿಸುವುದಕ್ಕಾಗಲಿ, ಖಾಸಗಿ ಚಿತ್ರ ಹರಡುವುದಕ್ಕಾಗಲಿ ಪ್ರತ್ಯೇಕ ಕಲಂ ಇರಲಿಲ್ಲ.

2001ರಲ್ಲಿ ಬೆಂಗಳೂರಿನಲ್ಲಿ ದೇಶದ ಮೊದಲ ಸೈಬರ್ ಅಪರಾಧ ಪೊಲೀಸ್ ಠಾಣೆ ತೆರೆಯಿತು. ಮುಂದೆ ಸಿಐಡಿ ಎನಿಸಿಕೊಂಡ ಕೋರ್ ಆಫ್ ಡಿಟೆಕ್ಟಿವ್ಸ್ ಅಡಿಯಲ್ಲಿದ್ದ ಈ ಒಂದೇ ಠಾಣೆಗೆ ಇಡೀ ರಾಜ್ಯದ ವ್ಯಾಪ್ತಿ. ಹೆಮ್ಮೆ ಪಡಬೇಕಾದ ಹೆಜ್ಜೆಯೇ ಹೌದು, ಆದರೆ ಬೀದರಿನವರೂ ಕಾರವಾರದವರೂ ನ್ಯಾಯಕ್ಕಾಗಿ ರಾಜಧಾನಿಯ ಕಡೆಗೇ ನೋಡಬೇಕಾಯಿತು. ಮೇಲಾಗಿ 2000ದ ಕಾಯ್ದೆಯಂತೆ ಇಂಥ ಪ್ರಕರಣಗಳ ತನಿಖೆಯನ್ನು ಡಿವೈಎಸ್‌ಪಿ ದರ್ಜೆಗಿಂತ ಕೆಳಗಿನವರು ಮಾಡುವಂತಿರಲಿಲ್ಲ. ಊರ ಠಾಣೆಯಲ್ಲಿ ದೂರು ಕೊಟ್ಟವರನ್ನು ‘ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಎಂದು ವಾಪಸು ಕಳಿಸುವ ಪದ್ಧತಿ ಬೇರುಬಿಟ್ಟದ್ದು ಆಗಲೇ. ಆಮೇಲೆ ತನಿಖೆಯ ಅಧಿಕಾರ ಇನ್‌ಸ್ಪೆಕ್ಟರ್ ದರ್ಜೆಗೆ ಇಳಿಯಿತು. ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳಿಗೆಂದು ‘ಸೆನ್’ ಠಾಣೆಗಳು ಜಿಲ್ಲೆಜಿಲ್ಲೆಗಳಿಗೆ ಬಂದವು.

ಅಂತರ್ಜಾಲದ ಅಪರಾಧಕ್ಕೆ ಶಿಕ್ಷೆಯಾಗುತ್ತದೆ ಎಂಬುದನ್ನು ಮೊದಲು ತೋರಿಸಿಕೊಟ್ಟದ್ದು ನೆರೆಯ ಚೆನ್ನೈ. ವಿಚ್ಛೇದಿತ ಮಹಿಳೆಯೊಬ್ಬರ ಹೆಸರಿನಲ್ಲಿ ನಕಲಿ ಖಾತೆ ತೆರೆದು, ಯಾಹೂ ಗುಂಪೊಂದರಲ್ಲಿ ಅಶ್ಲೀಲ ಸಂದೇಶ ಹಾಕಿ, ಅವರ ಫೋನ್ ಸಂಖ್ಯೆ ಹರಡಿದ್ದ ವ್ಯಕ್ತಿಗೆ 2004ರ ನವೆಂಬರ್ 5ರಂದು ಎಗ್ಮೋರ್ ನ್ಯಾಯಾಲಯ ಶಿಕ್ಷೆ ವಿಧಿಸಿತು. ದೂರು ದಾಖಲಾಗಿ ಏಳೇ ತಿಂಗಳಿಗೆ ಬಂದ ತೀರ್ಪು ಅದು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ನೇ ಕಲಮಿನ ಅಡಿ ದೇಶದಲ್ಲೇ ಮೊದಲನೆಯದು. ಸಾಕ್ಷಿ ಹೇಳಿದವರಲ್ಲಿ ಸೈಬರ್ ಕೆಫೆಗಳ ಮಾಲೀಕರೂ ಇದ್ದರು. ಅದೇ ವರ್ಷದ ಕೊನೆಗೆ ದೆಹಲಿಯ ಶಾಲಾ ವಿದ್ಯಾರ್ಥಿಗಳಿಬ್ಬರ ಖಾಸಗಿ ಎಂಎಂಎಸ್ ತುಣುಕು ಆನ್‌ಲೈನ್ ಮಾರಾಟ ತಾಣವೊಂದರಲ್ಲಿ ಬಿಕರಿಗೆ ಬಿದ್ದಾಗ ದೇಶ ಬೆಚ್ಚಿತು. ಕ್ಯಾಮೆರಾ ಇರುವ ಫೋನು ಮಕ್ಕಳ ಕೈಗೆ ಬಂದಿದೆ, ತೆಗೆದ ಚಿತ್ರ ತೆಗೆದವರ ಕೈಯಲ್ಲೂ ನಿಲ್ಲುವುದಿಲ್ಲ ಎಂಬುದು ಪಾಲಕರಿಗೆ ಆಗ ಅರಿವಾಯಿತು. ಈ ಬಗೆಯ ಪ್ರಕರಣಗಳ ಒತ್ತಡದಿಂದ ಬಂದ ತಿದ್ದುಪಡಿ 2009ರ ಅಕ್ಟೋಬರ್ 27ರಿಂದ ಜಾರಿಯಾಯಿತು. ಗುರುತು ಕದಿಯುವುದಕ್ಕೆ 66ಸಿ, ವೇಷ ಮರೆಸಿ ವಂಚಿಸುವುದಕ್ಕೆ 66ಡಿ, ಖಾಸಗಿ ಅಂಗಗಳ ಚಿತ್ರ ತೆಗೆದು ಹರಡುವುದಕ್ಕೆ 66ಇ, ಮಕ್ಕಳ ಲೈಂಗಿಕ ಚಿತ್ರಗಳಿಗೆ 67ಬಿ. ಇಂದು ಸೈಬರ್ ಠಾಣೆಗಳ ಎಫ್‌ಐಆರ್‌ಗಳಲ್ಲಿ ಮತ್ತೆ ಮತ್ತೆ ಕಾಣುವ ಕಲಂಗಳು ಇವೇ. ಜತೆಯಲ್ಲೇ ಬಂದ 66ಎ ಮಾತ್ರ ಯಾರನ್ನೂ ಕಾಯಲಿಲ್ಲ. ‘ಕಿರಿಕಿರಿ’ ಉಂಟುಮಾಡುವ ಸಂದೇಶವನ್ನೂ ಅಪರಾಧವೆಂದ ಆ ಕಲಂ, ಫೇಸ್‌ಬುಕ್ಕಿನಲ್ಲಿ ಅಭಿಪ್ರಾಯ ಬರೆದ ಯುವತಿಯರನ್ನು ಠಾಣೆಗೆ ಎಳೆಯಿತು. ಸುಪ್ರೀಂ ಕೋರ್ಟ್ ಅದನ್ನು 2015ರ ಮಾರ್ಚ್ 24ರಂದು ರದ್ದು ಮಾಡಿದ್ದು ಸರಿಯಾದ ತೀರ್ಮಾನ.

ಹಣದ ದಾರಿಯಲ್ಲಿ ಬೇರೆ ಬಗೆಯ ಬೇಲಿ ಎದ್ದಿತು. ಆನ್‌ಲೈನಿನಲ್ಲಿ ಕಾರ್ಡಿನ ಮೇಲಿನ ಸಂಖ್ಯೆ ತಿಳಿದವರೆಲ್ಲ ಕೊಳ್ಳಬಹುದಾಗಿದ್ದ ಕಾಲದಲ್ಲಿ, 2009ರ ಆಗಸ್ಟ್ 1ರಿಂದ ಪ್ರತಿ ಆನ್‌ಲೈನ್ ಪಾವತಿಗೂ ಕಾರ್ಡಿನ ಮೇಲೆ ಬರೆದಿಲ್ಲದ ಇನ್ನೊಂದು ಗುಟ್ಟು ಬೇಕೆಂದು ರಿಸರ್ವ್ ಬ್ಯಾಂಕ್ ಕಡ್ಡಾಯ ಮಾಡಿತು. ಮೊದಲಿಗೆ ಅದು ಗ್ರಾಹಕರೇ ಇಟ್ಟುಕೊಂಡ ಪಾಸ್‌ವರ್ಡ್. ಬರಬರುತ್ತ ಫೋನಿಗೆ ಬರುವ ಒಂದು ಸಲದ ಸಂಖ್ಯೆ, ಓಟಿಪಿ. ವ್ಯಾಪಾರಕ್ಕೆ ಅಡ್ಡಿಯೆಂದು ಕಂಪನಿಗಳು ಗೊಣಗಿದರೂ ರಿಸರ್ವ್ ಬ್ಯಾಂಕ್ ಜಗ್ಗಲಿಲ್ಲ. ಕಾರ್ಡಿನ ಸಂಖ್ಯೆ ಕದ್ದರೆ ಸಾಲದು ಎಂಬ ಸ್ಥಿತಿ ಬಂದಾಗ ಕಳ್ಳರು ಯಂತ್ರವನ್ನು ಬಿಟ್ಟು ಮನುಷ್ಯನ ಕಡೆಗೆ ತಿರುಗಿದರು. ಜಾರ್ಖಂಡಿನ ಜಾಮ್‌ತಾಡಾ ಜಿಲ್ಲೆ ಇಂಥ ಕರೆಗಳಿಗೆ ಕುಖ್ಯಾತವಾಯಿತು. ಈಶ್ವರಚಂದ್ರ ವಿದ್ಯಾಸಾಗರರು ತಮ್ಮ ಕೊನೆಯ ವರ್ಷಗಳನ್ನು ಕಳೆದು, ಸಂತಾಲರ ಸೇವೆ ಮಾಡಿದ ಕರ್ಮಾಟಾಡ್ ಅದೇ ಜಿಲ್ಲೆಯ ಊರು ಎಂಬುದು ನೋವಿನ ಸಂಗತಿ. ‘ಬ್ಯಾಂಕಿನಿಂದ ಮಾತಾಡುತ್ತಿದ್ದೇವೆ, ನಿಮ್ಮ ಎಟಿಎಂ ಕಾರ್ಡ್ ಬ್ಲಾಕ್ ಆಗಿದೆ’ ಎಂಬ ಒಂದು ವಾಕ್ಯ ಸಾಕಾಗಿತ್ತು. ಕರೆ ಬರುತ್ತಿದ್ದದ್ದು ಹರಕು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ; ‘ಓಟಿಪಿ ಯಾರಿಗೂ ಹೇಳಬೇಡಿ’ ಎಂಬ ಬ್ಯಾಂಕಿನ ಎಸ್ಸೆಮ್ಮೆಸ್ಸೂ ಬಹುಕಾಲ ಇಂಗ್ಲಿಷಿನಲ್ಲೇ ಬರುತ್ತಿತ್ತು. ಕನ್ನಡ ಮಾತ್ರ ಓದಬಲ್ಲವರಿಗೆ ಎರಡೂ ಒಂದೇ ಬಗೆಯಾಗಿ ಕಂಡದ್ದರಲ್ಲಿ ಅಚ್ಚರಿಯಿಲ್ಲ.

2017ರ ಜುಲೈ 6ರ ಸುತ್ತೋಲೆಯಲ್ಲಿ ರಿಸರ್ವ್ ಬ್ಯಾಂಕ್ ಗ್ರಾಹಕರ ಹೊಣೆಗೆ ಮಿತಿ ಹಾಕಿತು. ಬ್ಯಾಂಕಿನದೂ ಅಲ್ಲದ, ಗ್ರಾಹಕರದೂ ಅಲ್ಲದ ಲೋಪದಿಂದ ಹಣ ಹೋಗಿ, ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕರಿಗೆ ನಷ್ಟವಿಲ್ಲ. ಗುಟ್ಟಿನ ಸಂಖ್ಯೆಯನ್ನು ತಾವೇ ಹೇಳಿಬಿಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಪೂರ್ತಿ ಗ್ರಾಹಕರದೇ. ಬಲೆಗೆ ಬೀಳುವವರಲ್ಲಿ ಬಹುಪಾಲು ಈ ಎರಡನೆಯ ಗುಂಪಿನವರಾದುದರಿಂದ ಸುತ್ತೋಲೆಯ ನೆರಳು ಅವರಿಗೆ ಸಿಗಲಿಲ್ಲ.

ವಂಚನೆಯಂತೆಯೇ ಸುಳ್ಳು ಸುದ್ದಿಯೂ ಬದುಕನ್ನು ಕೆಡಿಸಬಲ್ಲದು ಎಂಬ ಪಾಠ ಕರ್ನಾಟಕಕ್ಕೆ ಎರಡು ಸಲ ಸಿಕ್ಕಿತು. ಮೊದಲನೆಯದು 2012ರ ಆಗಸ್ಟ್. ಅಸ್ಸಾಮಿನ ಕೋಕ್ರಝಾರ್ ಗಲಭೆಯ ಬೆನ್ನಲ್ಲೇ, ರಂಜಾನ್ ಮುಗಿಯುತ್ತಲೇ ಬೆಂಗಳೂರಿನ ಈಶಾನ್ಯ ಭಾರತೀಯರ ಮೇಲೆ ದಾಳಿ ನಡೆಯುತ್ತದೆ ಎಂಬ ಎಸ್ಸೆಮ್ಮೆಸ್ಸುಗಳು ಹರಿದಾಡಿದವು. ಎಲ್ಲಿಯದೋ ಭೂಕಂಪ, ಚಂಡಮಾರುತಗಳ ಹೆಣಗಳ ಚಿತ್ರಗಳು ಗಲಭೆಯ ಚಿತ್ರಗಳೆಂದು ಹಂಚಿಹೋದವು. ಸ್ವಾತಂತ್ರ್ಯ ದಿನದ ಸಂಜೆಯಿಂದ ಬೆಂಗಳೂರು ರೈಲು ನಿಲ್ದಾಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೋಟೆಲಿನ ಅಡುಗೆಯವರು, ಭದ್ರತಾ ಸಿಬ್ಬಂದಿ, ಬ್ಯೂಟಿ ಪಾರ್ಲರಿನ ಹುಡುಗಿಯರು, ವಿದ್ಯಾರ್ಥಿಗಳು, ಹೀಗೆ ಸಾವಿರಾರು ಮಂದಿ ಕೈಗೆ ಸಿಕ್ಕ ಚೀಲ ಹಿಡಿದು ಗುವಾಹಟಿಯ ರೈಲು ಹತ್ತಿದರು. ರೈಲ್ವೆ ವಿಶೇಷ ಗಾಡಿಗಳನ್ನೇ ಓಡಿಸಬೇಕಾಯಿತು. ಗೃಹಸಚಿವರಾಗಿದ್ದ ಆರ್. ಅಶೋಕ ನಿಲ್ದಾಣಕ್ಕೆ ಹೋಗಿ ಧೈರ್ಯ ಹೇಳಿದರೂ ಜನ ನಿಲ್ಲಲಿಲ್ಲ. ಬಾಯಿಮಾತಿನ ಭರವಸೆಗಿಂತ ಜೇಬಿನ ಫೋನಿನಲ್ಲಿ ಬಂದ ಬೆದರಿಕೆಯೇ ನಿಜವೆನಿಸಿತ್ತು. ಆಗಸ್ಟ್ 17ರಂದು ಕೇಂದ್ರ ಸರ್ಕಾರ ಒಂದೇ ಬಾರಿಗೆ ಐದಕ್ಕಿಂತ ಹೆಚ್ಚು ಮಂದಿಗೆ ಎಸ್ಸೆಮ್ಮೆಸ್ ಕಳಿಸುವುದನ್ನು 15 ದಿನ ನಿಷೇಧಿಸಿತು.

2016 ಎಲ್ಲವನ್ನೂ ಬದಲಿಸಿದ ವರ್ಷ. ಏಪ್ರಿಲಿನಲ್ಲಿ ಯುಪಿಐ, ಸೆಪ್ಟೆಂಬರಿನಲ್ಲಿ ಜಿಯೋದ ಅಗ್ಗದ ಡೇಟಾ, ನವೆಂಬರಿನಲ್ಲಿ ನೋಟು ರದ್ದತಿ. ಕಂಪ್ಯೂಟರನ್ನೇ ಕಾಣದೆ ನೇರವಾಗಿ ಸ್ಮಾರ್ಟ್‌ಫೋನಿಗೆ ಬಂದ ಕೋಟ್ಯಂತರ ಜನರಿಗೆ ಅಂತರ್ಜಾಲವೆಂದರೆ ವಾಟ್ಸಾಪ್, ಯೂಟ್ಯೂಬ್ ಮತ್ತು ಹಣ ಕಳಿಸುವ ಆ್ಯಪ್. ಬ್ಯಾಂಕಿನ ಕೌಂಟರಾಗಲಿ, ಕೆಫೆಯ ಹುಡುಗನಾಗಲಿ ನಡುವೆ ಇಲ್ಲವಾದರು. ಹಳೆಯ ಸೋಫಾ ಮಾರಲು ಜಾಹೀರಾತು ಹಾಕಿದವರಿಗೆ ‘ನಾನು ಸೈನಿಕ, ಮುಂಗಡ ಕಳಿಸುತ್ತೇನೆ’ ಎಂದು ನಂಬಿಸಿ, ಹಣ ಕೇಳುವ ಮನವಿಯನ್ನು ಕಳಿಸಿ, ‘ಪಿನ್ ಒತ್ತಿದರೆ ಹಣ ಬರುತ್ತದೆ’ ಎನ್ನುವ ವಂಚನೆ ಊರೂರಿಗೆ ಹಬ್ಬಿತು. ಯುಪಿಐನಲ್ಲಿ ಹಣ ಪಡೆಯಲು ಪಿನ್ ಬೇಕಿಲ್ಲ, ಕಳಿಸಲು ಮಾತ್ರ ಬೇಕು. ಈ ಸರಳ ಸಂಗತಿ ಜನಕ್ಕೆ ಮುಟ್ಟುವ ಮೊದಲು ಅದೆಷ್ಟೋ ಖಾತೆಗಳು ಬರಿದಾದವು. ವ್ಯಕ್ತಿಯಿಂದ ವ್ಯಕ್ತಿಗೆ ಇಂಥ ಮನವಿ ಕಳಿಸುವ ಸೌಲಭ್ಯವನ್ನು ರಾಷ್ಟ್ರೀಯ ಪಾವತಿ ನಿಗಮ ನಿಲ್ಲಿಸಿದ್ದು 2025ರ ಅಕ್ಟೋಬರಿನಲ್ಲಿ. ಸೌಲಭ್ಯವನ್ನು ಜನರ ಕೈಗಿಟ್ಟು, ಅದರ ಅಪಾಯವನ್ನು ಒಂಬತ್ತು ವರ್ಷಗಳ ಮೇಲೆ ಮುಚ್ಚಿದ್ದು ತೀರಾ ತಡವಾಯಿತು.

ಸುಳ್ಳು ಸುದ್ದಿಯ ಎರಡನೆಯ ಪಾಠ 2018ರದು, ಮೊದಲಿನದಕ್ಕಿಂತ ಕ್ರೂರವಾದದ್ದು. ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುವ ವಿಡಿಯೊ ಆ ಬೇಸಿಗೆಯಲ್ಲಿ ರಾಜ್ಯದ ಫೋನುಗಳಿಗೆಲ್ಲ ಬಂತು. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಕನ್ನಡದ ಧ್ವನಿ ಸಂದೇಶಗಳೂ ಸೇರಿಕೊಂಡವು. ನಿಜದಲ್ಲಿ ಆ ವಿಡಿಯೊ ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿಯೇ ತಯಾರಾದ ಜಾಗೃತಿ ಚಿತ್ರ. ಅದರ ಕೊನೆಯಲ್ಲಿ ಅದೇ ಇಬ್ಬರು ಮಗುವನ್ನು ವಾಪಸು ತಂದುಬಿಟ್ಟು, ಮಕ್ಕಳ ಮೇಲೆ ಕಣ್ಣಿಡಿ ಎಂಬ ಬರಹ ತೋರಿಸುತ್ತಾರೆ. ಯಾರೋ ಆ ಕೊನೆಯನ್ನು ಕತ್ತರಿಸಿ ಹರಿಯಬಿಟ್ಟಿದ್ದರು. ಮೇ 23ರಂದು ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಕೆಲಸ ಹುಡುಕಿ ಬಂದಿದ್ದ ರಾಜಸ್ಥಾನದ ಯುವಕನನ್ನು ಗುಂಪು ಹೊಡೆದು ಕೊಂದಿತು. ಜುಲೈ 13ರಂದು ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿನಲ್ಲಿ, ಹೈದರಾಬಾದಿನಿಂದ ತಿರುಗಾಟಕ್ಕೆ ಬಂದಿದ್ದ ಗೆಳೆಯರು ಶಾಲೆಯ ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ನೆಪವಾಯಿತು. ಅವರು ಕಾರಿನಲ್ಲಿ ತಪ್ಪಿಸಿಕೊಂಡು ಹೊರಟರೂ ವಾಟ್ಸಾಪ್ ಸಂದೇಶ ಕಾರಿಗಿಂತ ಮೊದಲು ಮುಂದಿನ ಊರು ಮುರ್ಕಿಯನ್ನು ತಲುಪಿತ್ತು. ಅಲ್ಲಿ ರಸ್ತೆಗೆ ಅಡ್ಡ ಹಾಕಿ ತಡೆದ ಗುಂಪು ಒಬ್ಬ ಎಂಜಿನಿಯರನನ್ನು ಕೊಂದಿತು. ಕಾಪಾಡಲು ಬಂದ ಪೊಲೀಸರೂ ಗಾಯಗೊಂಡರು. ಅದೇ ತಿಂಗಳು ವಾಟ್ಸಾಪ್, ಬೇರೆಡೆಯಿಂದ ಬಂದ ಸಂದೇಶಕ್ಕೆ ‘ಫಾರ್ವರ್ಡ್’ ಗುರುತು ಹಾಕಿತು, ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಕಳಿಸಬಹುದೆಂಬ ಮಿತಿ ತಂದಿತು. 2020ರ ಏಪ್ರಿಲಿನಲ್ಲಿ ಅತಿಯಾಗಿ ಹರಿದಾಡಿದ ಸಂದೇಶಗಳಿಗೆ ಅದು ಒಂದಕ್ಕೆ ಇಳಿಯಿತು.

ಮಕ್ಕಳ ವಿಷಯದಲ್ಲಿ ಚರಿತ್ರೆ ಭಯ ಮತ್ತು ತಿಳಿವಳಿಕೆಗಳ ನಡುವೆ ತೂಗಾಡಿದೆ. ಸಾಮಾಜಿಕ ತಾಣಗಳಲ್ಲಿ ಖಾತೆಗೆ 13 ವರ್ಷ ತುಂಬಿರಬೇಕೆಂಬ ನಿಯಮ ಅಮೆರಿಕದ 1998ರ ಮಕ್ಕಳ ಗೋಪ್ಯತಾ ಕಾನೂನಿನಿಂದ ಬಂದದ್ದು. ಇಲ್ಲಿಯ ಮಕ್ಕಳು ಹುಟ್ಟಿದ ವರ್ಷ ಬದಲಿಸಿ ಅದನ್ನು ದಾಟುವುದನ್ನು ಬೇಗ ಕಲಿತರು. 2014ರಲ್ಲಿ ಬೆಂಗಳೂರಿನ ನಿಮ್ಹಾನ್ಸ್, ‘ಷಟ್’ ಹೆಸರಿನ ಚಿಕಿತ್ಸಾಲಯ ತೆರೆಯಿತು. ಮೊಬೈಲ್ ಗೇಮು, ಸಾಮಾಜಿಕ ತಾಣಗಳ ಗೀಳಿಗೆ ಬಿದ್ದವರಿಗೆಂದೇ ದೇಶದಲ್ಲಿ ಶುರುವಾದ ಮೊದಲ ಚಿಕಿತ್ಸಾಲಯ ಅದು. ಫೋನ್ ಕಿತ್ತುಕೊಳ್ಳುವುದರಿಂದ ಜಗಳ ಹೆಚ್ಚುತ್ತದೆ, ನಿದ್ದೆ, ಓದು, ಆಟ, ಮನೆಯವರ ಜತೆಗಿನ ಮಾತು ಇವನ್ನು ಮತ್ತೆ ಕಟ್ಟಬೇಕು ಎಂಬ ದೃಷ್ಟಿಯನ್ನು ಅದು ಮನೆಗಳಿಗೆ ಮುಟ್ಟಿಸಿತು. 2017ರಲ್ಲಿ ‘ಬ್ಲೂ ವೇಲ್’ ಎಂಬ ಆನ್‌ಲೈನ್ ಆಟ ಮಕ್ಕಳನ್ನು ಆತ್ಮಹತ್ಯೆಗೆ ದೂಡುತ್ತದೆ ಎಂದೆದ್ದ ಗದ್ದಲದಲ್ಲಾದರೋ ಭಯವೇ ಮುಂದಾಗಿ, ಖಿನ್ನತೆಯಂಥ ನಿಜವಾದ ಕಾರಣಗಳು ಮರೆಯಾದವು. 2020ರ ಕೊರೊನಾ ಲಾಕ್‌ಡೌನ್, ಫೋನ್ ಬೇಡ ಎನ್ನುತ್ತಿದ್ದ ಪಾಲಕರಿಂದಲೇ ಮಕ್ಕಳಿಗೆ ಫೋನ್ ಕೊಡಿಸಿತು. ಪುಟ್ಟ ಮಕ್ಕಳ ಆನ್‌ಲೈನ್ ತರಗತಿಗಳಿಗೆ ರಾಜ್ಯ ಸರ್ಕಾರ ಜೂನ್‌ನಲ್ಲಿ ಹಾಕಿದ ನಿರ್ಬಂಧವನ್ನು ಹೈಕೋರ್ಟ್ ಜುಲೈ 8ರಂದು ತಡೆಹಿಡಿಯಿತು. ಪಾಠಕ್ಕೆಂದು ಬಂದ ಫೋನು ಪಾಠ ಮುಗಿದ ಮೇಲೂ ಮಕ್ಕಳ ಕೈಯಲ್ಲೇ ಉಳಿಯಿತು.

ಖಾಸಗಿತನ ಮೂಲಭೂತ ಹಕ್ಕು ಎಂಬ ತೀರ್ಪು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠದಿಂದ ಬಂತು. ಆ ಪ್ರಕರಣಕ್ಕೆ ಹೆಸರಾದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಅವರು ಹೂಡಿದ ಅರ್ಜಿ ಈ ದೇಶದ ಪ್ರತಿಯೊಬ್ಬರ ಮಾಹಿತಿಗೂ ಕಾವಲಾಯಿತು. ಆ ತೀರ್ಪಿನ ಬೆನ್ನು ಹತ್ತಿ ಬಂದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 18 ತುಂಬದವರ ಮಾಹಿತಿ ಬಳಸಲು ಪಾಲಕರ ಒಪ್ಪಿಗೆ ಬೇಕೆಂದಿತು, ಮಕ್ಕಳನ್ನು ಗುರಿಯಾಗಿಸಿದ ಜಾಹೀರಾತಿಗೆ ತಡೆ ಹಾಕಿತು. ಅದರ ನಿಯಮಗಳು ಹೊರಬಿದ್ದದ್ದು 2025ರ ನವೆಂಬರಿನಲ್ಲಿ.

ಆಧಾರ್ ಬಗೆಗಿನ ಆತಂಕ ಕಾಗದದ ಮೇಲಿನದಲ್ಲ ಎಂಬುದು ಕರ್ನಾಟಕದಲ್ಲೇ ರುಜುವಾತಾಯಿತು. ಬೆರಳೊತ್ತಿ ಬ್ಯಾಂಕಿನ ಹಣ ತೆಗೆಯುವ ವ್ಯವಸ್ಥೆ ಹಳ್ಳಿಯ ವೃದ್ಧರಿಗೆ, ಪಿಂಚಣಿದಾರರಿಗೆ ಉಪಕಾರಿಯಾಗಿತ್ತು; ಅದಕ್ಕೆ ಓಟಿಪಿ ಬೇಕಿರಲಿಲ್ಲ. 2023ರಲ್ಲಿ ಆಸ್ತಿ ನೋಂದಣಿ ಮಾಡಿಸಿದ ಕೆಲವರ ಖಾತೆಗಳಿಂದ ಅವರಿಗೆ ಅರಿವಿಲ್ಲದೆಯೇ ಹಣ ಹೋಯಿತು. ಕ್ರಯಪತ್ರಗಳಲ್ಲಿದ್ದ ಆಧಾರ್ ಸಂಖ್ಯೆ ಮತ್ತು ಹೆಬ್ಬೆಟ್ಟಿನ ಗುರುತನ್ನು ತೆಗೆದುಕೊಂಡು ಕಳ್ಳರು ನಕಲಿ ಬೆರಳಚ್ಚು ತಯಾರಿಸಿದ್ದರು. ಆಮೇಲೆ ನೋಂದಣಿ ಇಲಾಖೆ ದಾಖಲೆಗಳಲ್ಲಿ ಬೆರಳಚ್ಚು ಕಾಣದಂತೆ ಮರೆಮಾಡಲು ಹೊರಟಿತು, ಆಧಾರ್ ಆ್ಯಪಿನಲ್ಲಿ ಬಯೊಮೆಟ್ರಿಕ್ ಲಾಕ್ ಮಾಡಿಕೊಳ್ಳಿ ಎಂದು ಪೊಲೀಸರು ಸಾರಿದರು. ಪಾಸ್‌ವರ್ಡ್ ಕಳೆದರೆ ಬದಲಿಸಬಹುದು, ಬೆರಳನ್ನು ಬದಲಿಸಲಾಗದು.

ಹಿರಿಯರನ್ನು ಅತಿ ಹೆಚ್ಚು ಕಾಡಿದ ವಂಚನೆ ‘ಡಿಜಿಟಲ್ ಅರೆಸ್ಟ್’. 2023ರ ನಂತರ ಹಬ್ಬಿದ ಇದರ ಕ್ರಮ ಬಹುಮಟ್ಟಿಗೆ ಒಂದೇ. ಮೊದಲು ಕೊರಿಯರ್ ಕಂಪನಿಯಿಂದಲೋ ದೂರಸಂಪರ್ಕ ಇಲಾಖೆಯಿಂದಲೋ ಬಂದಂತೆ ಕರೆ: ನಿಮ್ಮ ಹೆಸರಿನ ಪಾರ್ಸೆಲಿನಲ್ಲಿ ಮಾದಕವಸ್ತು ಸಿಕ್ಕಿದೆ. ಕರೆಯನ್ನು ‘ಮುಂಬೈ ಪೊಲೀಸರಿಗೆ’ ವರ್ಗಾಯಿಸುತ್ತಾರೆ. ವಿಡಿಯೊದಲ್ಲಿ ಸಮವಸ್ತ್ರ ತೊಟ್ಟ ಅಧಿಕಾರಿ, ಹಿಂದೆ ಠಾಣೆಯ ಗೋಡೆ, ಅಶೋಕ ಲಾಂಛನದ ನಕಲಿ ವಾರಂಟ್. ಆನಂತರ ಬರುವುದೇ ಮುಖ್ಯವಾದ ಆಜ್ಞೆ: ಕೋಣೆಯ ಬಾಗಿಲು ಹಾಕಿಕೊಳ್ಳಿ, ಕ್ಯಾಮೆರಾದ ಮುಂದಿನಿಂದ ಏಳಬೇಡಿ, ಮಕ್ಕಳಿಗಾಗಲಿ ನೆರೆಯವರಿಗಾಗಲಿ ಹೇಳಬೇಡಿ. ದಿನಗಟ್ಟಲೆ ಹೀಗೆ ಕೂಡಿಹಾಕಿ, ‘ಪರಿಶೀಲನೆಗೆ’ ಎಂದು ಠೇವಣಿಯನ್ನೆಲ್ಲ ಬೇರೆ ಖಾತೆಗೆ ಹಾಕಿಸಿಕೊಳ್ಳುತ್ತಾರೆ. ಬೆಂಗಳೂರಿನ ನಿವೃತ್ತ ಅಧಿಕಾರಿಗಳು, ವೈದ್ಯರು, ಸಾಫ್ಟ್‌ವೇರ್ ಎಂಜಿನಿಯರುಗಳೂ ಕೋಟಿಗಟ್ಟಲೆ ಕಳೆದುಕೊಂಡರು. ತಂತ್ರಜ್ಞಾನದ ಅಜ್ಞಾನ ಇಲ್ಲಿ ಕಾರಣವಲ್ಲ; ಕಾನೂನಿಗೆ ಅಂಜಿ ನಡೆದವರ ಮರ್ಯಾದೆಯ ಭಯ, ಒಂಟಿತನ ಇವೇ ಬಂಡವಾಳ. ಪಕ್ಕದಲ್ಲಿ ಇನ್ನೊಬ್ಬರಿದ್ದು ‘ಇದೇನು?’ ಎಂದು ಕೇಳಿದ್ದರೆ ಮುರಿದು ಬೀಳುವಂಥ ನಾಟಕ ಅದು. ಡಿಜಿಟಲ್ ಅರೆಸ್ಟ್ ಎಂಬುದು ಭಾರತದ ಯಾವ ಕಾನೂನಿನಲ್ಲೂ ಇಲ್ಲ ಎಂದು ಪ್ರಧಾನಿ 2024ರ ಅಕ್ಟೋಬರ್ 27ರ ‘ಮನ್ ಕಿ ಬಾತ್’ನಲ್ಲಿ ಹೇಳಬೇಕಾಯಿತು. ಇಂಥ ಕರೆ ಮಾಡುವವರಲ್ಲೂ ಕೆಲವರು ಬಲಿಪಶುಗಳೇ. ಡೇಟಾ ಎಂಟ್ರಿ ಕೆಲಸದ ಆಸೆಗೆ ಹೋಗಿ ಕಾಂಬೋಡಿಯ, ಮ್ಯಾನ್ಮಾರ್‌ಗಳ ವಂಚನೆ ಶಿಬಿರಗಳಲ್ಲಿ ಸಿಕ್ಕಿಬಿದ್ದ ಭಾರತೀಯ ಯುವಕರಲ್ಲಿ 500ಕ್ಕೂ ಹೆಚ್ಚು ಮಂದಿಯನ್ನು 2025ರ ಮಾರ್ಚ್‌ನಲ್ಲಿ ವಿಮಾನಗಳಲ್ಲಿ ಮನೆಗೆ ತರಲಾಯಿತು.

ಈ ಚರಿತ್ರೆಯಲ್ಲಿ ಸಾಮಾನ್ಯರಿಗೆ ಅತ್ಯಂತ ಉಪಯುಕ್ತವಾಗಿ ಬಂದದ್ದು ಒಂದು ಫೋನ್ ಸಂಖ್ಯೆ. 2019ರ ಆಗಸ್ಟ್ 30ರಂದು ರಾಷ್ಟ್ರೀಯ ಸೈಬರ್ ಅಪರಾಧ ದೂರು ಪೋರ್ಟಲ್ ಎಲ್ಲ ಬಗೆಯ ದೂರುಗಳಿಗೆ ತೆರೆಯಿತು. 2021ರ ಏಪ್ರಿಲಿನಲ್ಲಿ 155260 ಎಂದು ಶುರುವಾದ ಸಹಾಯವಾಣಿ ಮುಂದಿನ ವರ್ಷ ನೆನಪಿಡಲು ಸುಲಭವಾದ 1930 ಆಯಿತು. ವಂಚಕನ ಖಾತೆಗೆ ಬಿದ್ದ ಹಣ ಅಲ್ಲೇ ನಿಲ್ಲುವುದಿಲ್ಲ. ಕಮಿಷನ್ ಆಸೆಗೆ ತಮ್ಮ ಖಾತೆಯನ್ನು ಬಾಡಿಗೆಗೆ ಕೊಟ್ಟವರ ಮೂಲಕ ನಿಮಿಷಗಳಲ್ಲಿ ಹತ್ತಾರು ಖಾತೆ ದಾಟುತ್ತದೆ. 1930ಕ್ಕೆ ಕರೆ ಬಂದೊಡನೆ ಸಿಬ್ಬಂದಿ ವಿವರವನ್ನು ಗಣಕಕ್ಕೆ ಏರಿಸುತ್ತಾರೆ, ಅದು ಹಣ ಹೋದ ಬ್ಯಾಂಕಿಗೂ ಹಣ ಸೇರಿದ ಬ್ಯಾಂಕಿಗೂ ಒಟ್ಟಿಗೆ ಮುಟ್ಟುತ್ತದೆ. ಹಣ ಅಲ್ಲೇ ಇದ್ದರೆ ತಡೆಹಿಡಿಯುತ್ತಾರೆ, ಮುಂದೆ ಹೋಗಿದ್ದರೆ ದೂರು ಮುಂದಿನ ಬ್ಯಾಂಕಿಗೆ ಬೆನ್ನಟ್ಟಿ ಹೋಗುತ್ತದೆ. ಮೊದಲ ಒಂದೆರಡು ಗಂಟೆಗಳನ್ನು ಪೊಲೀಸರು ‘ಗೋಲ್ಡನ್ ಅವರ್’ ಎಂದು ಕರೆಯುವುದು ಇದಕ್ಕೇ. ತಡೆಹಿಡಿದ ಹಣ ಆಮೇಲೆ ಕಳೆದುಕೊಂಡವರಿಗೆ ಮರಳುತ್ತದೆ. ಮರ್ಯಾದೆಗೆ ಅಂಜಿ ಎರಡು ದಿನ ಸುಮ್ಮನಿದ್ದವರಿಗೆ ಈ ವ್ಯವಸ್ಥೆಯಿಂದ ಆಗುವ ಪ್ರಯೋಜನ ಕಡಿಮೆ.

ಸಂಸತ್ತಿಗೆ ಸರ್ಕಾರ ನೀಡಿದ ಲೆಕ್ಕದಂತೆ ದೇಶದ ಜನ ಸೈಬರ್ ವಂಚನೆಗಳಲ್ಲಿ ಕಳೆದುಕೊಂಡದ್ದು 2023ರಲ್ಲಿ 7,465 ಕೋಟಿ ರೂಪಾಯಿ, 2024ರಲ್ಲಿ 22,845 ಕೋಟಿ. ರಾಷ್ಟ್ರೀಯ ಅಪರಾಧ ದಾಖಲೆ ಸಂಸ್ಥೆಯ 2023ರ ವರದಿಯಲ್ಲಿ ದೇಶದ 86,420 ಸೈಬರ್ ಪ್ರಕರಣಗಳ ಪೈಕಿ 21,889 ಕರ್ನಾಟಕದವು. ಆ ವರ್ಷ ಬೇರೆ ಯಾವ ರಾಜ್ಯದಲ್ಲೂ ಇಷ್ಟಿರಲಿಲ್ಲ. ದೂರುಗಳನ್ನು ಎಫ್‌ಐಆರ್ ಆಗಿ ದಾಖಲಿಸಿಕೊಳ್ಳುವಲ್ಲಿ ಕರ್ನಾಟಕ ಮುಂದಿರುವುದೂ ಈ ದೊಡ್ಡ ಸಂಖ್ಯೆಗೆ ಒಂದು ಕಾರಣ, ಅದು ಒಳ್ಳೆಯ ಲಕ್ಷಣವೇ. 2025ರಲ್ಲಿ ರಾಜ್ಯ ಸರ್ಕಾರ ಸೆನ್ ಠಾಣೆಗಳನ್ನು ಒಂದೇ ಆಡಳಿತದ ಅಡಿ ತರಲು ಪೊಲೀಸ್ ಮಹಾನಿರ್ದೇಶಕರ ದರ್ಜೆಯ ಅಧಿಕಾರಿಯ ಕೈಕೆಳಗೆ ಸೈಬರ್ ಕಮಾಂಡ್ ಘಟಕ ಸ್ಥಾಪಿಸಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಂತೆ, ಅಪರಾಧ ಎಲ್ಲೇ ನಡೆದಿರಲಿ, ಯಾವುದೇ ಠಾಣೆಯಲ್ಲಿ ದೂರು ಕೊಡಬಹುದು. ವ್ಯಾಪ್ತಿಯ ನೆಪ ಹೇಳಿ ಠಾಣೆಯವರು ಅದನ್ನು ತಿರಸ್ಕರಿಸುವಂತಿಲ್ಲ. 1930 ಹಗಲಿರುಳೂ ತೆರೆದಿರುತ್ತದೆ. ಕರ್ನಾಟಕದಿಂದ ಕರೆ ಮಾಡಿದವರು ಕನ್ನಡದಲ್ಲೇ ದೂರು ಹೇಳಬಹುದು.